ಮೂವತ್ತು-ನಲವತ್ತು ಸೈಟಿಗೆ ಒಂದು ವರ್ಗ ಸಮೀಕರಣ

ತಂಗಿ ಮನೆ ಕಟ್ಟಿಸುವಾಗ ಮೇಸ್ತ್ರಿ ಕೇಳಿದರು: "ಸಾರ್, 600 ಚದರಡಿ ಮನೆ ಬೇಕು ಅಂದ್ರಿ. ಸುತ್ತ ನಾಲ್ಕೂ ಕಡೆ ಸಮವಾಗಿ ಎಷ್ಟು ಜಾಗ ಬಿಡೋಣ?" ಹತ್ತನೇ ತರಗತಿಗೆ ಗಣಿತ ಹೇಳುವ ನನಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಎಲ್ಲಿ ಸಿಗಬೇಕು?

ನೀವೂ ಮಾಡಿ ನೋಡಿ. ಬಿಡುವ ಜಾಗದ ಅಗಲ ಗೊತ್ತಿಲ್ಲ, ಅದನ್ನು 'ಅ' ಅಡಿ ಅನ್ನಿ. ಎರಡೂ ಬದಿಯಲ್ಲಿ ಬಿಡುತ್ತೀರಿ, ಹಾಗಾಗಿ ಪ್ರತಿ ಅಳತೆಯಿಂದ 2ಅ ಕಳೆಯಬೇಕು. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ಒಂದೇ 'ಅ' ಕಳೆದುಬಿಡುತ್ತಾರೆ. ಚಿತ್ರ ಬರೆದರೆ ತಪ್ಪುವುದಿಲ್ಲ.

(40 − 2ಅ)(30 − 2ಅ) = 600

ಬಿಡಿಸಿ, 4ರಿಂದ ಭಾಗಿಸಿದರೆ:

ಅ² − 35ಅ + 150 = 0

ಕೂಡಿದರೆ 35, ಗುಣಿಸಿದರೆ 150 ಆಗುವ ಸಂಖ್ಯೆಗಳು 30 ಮತ್ತು 5. ಸೈಟಿನ ಅಗಲವೇ 30 ಅಡಿ, ಅಷ್ಟು ಬಿಡಲು ಆಗಲ್ಲ ಅಲ್ವಾ? ಉಳಿದದ್ದು 5. ಮನೆ 30 × 20, ಸರಿಯಾಗಿ 600.

ಬೇರೆ ಅಳತೆ ಬೇಕಾದರೆ 150ರ ಜಾಗ ಮಾತ್ರ ಬದಲಾಗುತ್ತದೆ. ಸೈಟಿನ ಒಟ್ಟು 1200 ಚದರಡಿಯಿಂದ ನಿಮಗೆ ಬೇಕಾದ ಚದರಡಿ ಕಳೆದು 4ರಿಂದ ಭಾಗಿಸಿ. 650 ಚದರಡಿಗೆ 137.5 ಬರುತ್ತದೆ. ಇದು ಸುಲಭವಾಗಿ ಒಡೆಯುವುದಿಲ್ಲ, ವರ್ಗ ಸಮೀಕರಣದ ಸೂತ್ರ ಹಾಕಿ: 35ರ ವರ್ಗ 1225, ಅದರಿಂದ 137.5ರ ನಾಲ್ಕು ಪಟ್ಟು, ಅಂದರೆ 550 ಕಳೆದರೆ 675, ವರ್ಗಮೂಲ ಸುಮಾರು 26. 35ರಿಂದ 26 ಕಳೆದು ಅರ್ಧ ಮಾಡಿದರೆ ನಾಲ್ಕೂವರೆ ಅಡಿ.

ಎಷ್ಟು ಜಾಗ ಬಿಡಲೇಬೇಕು ಎಂಬ ನಿಯಮವನ್ನು ಮೊದಲೇ ನಿಮ್ಮ ಪಂಚಾಯಿತಿಯಲ್ಲೋ ಪಾಲಿಕೆಯಲ್ಲೋ ಕೇಳಿಕೊಳ್ಳಿ. ಆಮೇಲೆ ಸುಣ್ಣದ ಗೆರೆ ಎಳೆಸಿ.