ಕಾಲಿಗೆ ಸ್ಟೆಂಟ್ ಹಾಕಿಸಿಕೊಂಡವರು ಸಿಆರ್‌ಪಿ ವರದಿಯನ್ನು ಓದುವ ಬಗೆ

ತೊಡೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಕೆಲವರ ಕಡತದಲ್ಲಿ ಹೈ ಸೆನ್ಸಿಟಿವ್ ಸಿಆರ್‌ಪಿ ಎಂಬ, ಮೈಯೊಳಗಿನ ಉರಿಯೂತವನ್ನು ಅಳೆಯುವ ರಕ್ತಪರೀಕ್ಷೆಯ ಹಾಳೆಯೂ ಇರುತ್ತದೆ. ಅಂಕಿ ಏರಿದ್ದರೆ ಸ್ಟೆಂಟ್ ಮುಚ್ಚಿಹೋಯಿತೆಂದು ಕಂಗಾಲಾಗುವವರಿದ್ದಾರೆ. ಇಳಿದಿದ್ದರೆ ಕಾಲು ಸರಿಯಿದೆಯೆಂದು, ನಾಳದಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನನ್ನೇ ಬಿಟ್ಟುಬಿಡುವವರೂ ಇದ್ದಾರೆ. ಎರಡನೆಯವರ ತಪ್ಪೇ ಹೆಚ್ಚು ದುಬಾರಿ.

ಬಲೂನು ಹಿಗ್ಗಿಸಿ ಸ್ಟೆಂಟನ್ನು, ಅಂದರೆ ನಿಟಿನಾಲ್ ಎಂಬ ಮಿಶ್ರಲೋಹದ ಜಾಲರಿಯನ್ನು ಕೂರಿಸುವಾಗ ನಾಳದ ಒಳಪದರಕ್ಕೆ ಗಾಯವಾಗುತ್ತದೆ. ಆ ಗಾಯ ಮಾಯುವಾಗ ನಾಳದ ಗೋಡೆಯ ಸ್ನಾಯುಕೋಶಗಳು ಒಳಮುಖವಾಗಿ ಬೆಳೆದು ಜಾಲರಿಯ ಮೇಲೆ ಹೊಸ ಪದರ ಕಟ್ಟುತ್ತವೆ. ಪದರ ಅತಿಯಾಗಿ ದಪ್ಪವಾದರೆ ದಾರಿ ಮತ್ತೆ ಕಿರಿದಾಗುತ್ತದೆ, ಅದೂ ಹೆಚ್ಚಾಗಿ ಮೊದಲ ಒಂದು ವರ್ಷದೊಳಗೆ. ಈ ಬೆಳವಣಿಗೆಗೆ ಉರಿಯೂತ ಇಂಬು ಕೊಡುತ್ತದೆ. ಉರಿಯೂತದ ಸಂದೇಶ ಇಂಟರ್‌ಲ್ಯೂಕಿನ್-6 ಮೂಲಕ ತಲುಪಿದಾಗ ಯಕೃತ್ತು ತಯಾರಿಸುವ ಪ್ರೋಟೀನೇ ಸಿಆರ್‌ಪಿ. ಚಿಕಿತ್ಸೆಗೆ ಮುಂಚೆ ಅಥವಾ ಅದಾದ 48 ಗಂಟೆಗಳ ಬಳಿಕ ಈ ಪ್ರಮಾಣ ಹೆಚ್ಚಿದ್ದವರಲ್ಲಿ ನಾಳ ಮತ್ತೆ ಕಿರಿದಾಗುವುದು ಹೆಚ್ಚೆಂದು ಕೆಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಅದು ಗುಂಪಿನ ಲೆಕ್ಕ. ಒಬ್ಬರ ಕಾಲಿನೊಳಗೆ ಏನಾಗಿದೆ ಎಂಬುದನ್ನು ಅದು ಹೇಳಲಾರದು.

ಪರೀಕ್ಷೆಗೆ ದಿನ ಆರಿಸುವುದೇ ಮುಖ್ಯ. ಜ್ವರ, ವಸಡಿನ ಬಾವು, ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಚಿಕೂನ್‌ಗುನ್ಯ ಬಿಟ್ಟುಹೋದ ಕೀಲುನೋವು, ಇವುಗಳಲ್ಲಿ ಯಾವುದಿದ್ದರೂ ಅಂಕಿ ಏರುತ್ತದೆ, ಸ್ಟೆಂಟಿಗೂ ಅದಕ್ಕೂ ಸಂಬಂಧವಿರಬೇಕೆಂದಿಲ್ಲ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಾದರೆ ಹೃದಯ-ರಕ್ತನಾಳದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು ಎಂದು ಎಣಿಸುತ್ತಾರೆ. 10 ದಾಟಿದರೆ ಬೇರೆ ಸೋಂಕನ್ನು ಹುಡುಕಿ, ಅದು ವಾಸಿಯಾದ ಎರಡು ಮೂರು ವಾರಗಳ ಬಳಿಕ ಮತ್ತೆ ಮಾಡಿಸಬೇಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಾಗಿಲ್ಲ. ಉರಿಯೂತಕ್ಕೆಂದೇ ಮಾಡಿಸುವ ಮತ್ತೊಂದು ರಕ್ತಪರೀಕ್ಷೆಯಾದ ಇಎಸ್‌ಆರ್ ವಯಸ್ಸಿನಿಂದಲೂ ರಕ್ತಹೀನತೆಯಿಂದಲೂ ಏರುವುದರಿಂದ ಈ ಕೆಲಸಕ್ಕೆ ಅದನ್ನು ನಾನು ನೆಚ್ಚುವುದಿಲ್ಲ.

ವರದಿಯಲ್ಲಿ ಅಂಕಿಗಿಂತ ಮೊದಲು ಅದರ ಪಕ್ಕದ ಅಳತೆಯನ್ನು ನೋಡಬೇಕು. ನಮ್ಮ ದೊಡ್ಡಪ್ಪನವರ ಮೊದಲ ವರದಿಯಲ್ಲಿ 4.2 ಎಂದೂ, ಬೇರೊಂದು ಲ್ಯಾಬಿನ ಎರಡನೆಯ ವರದಿಯಲ್ಲಿ 0.42 ಎಂದೂ ಇತ್ತು. ಹತ್ತು ಪಟ್ಟು ಇಳಿಯಿತೆಂದು ಮನೆಮಂದಿಯೆಲ್ಲ ಹಿಗ್ಗಿದೆವು. ಮೊದಲನೆಯದು ಲೀಟರಿಗೆ, ಎರಡನೆಯದು ಡೆಸಿಲೀಟರಿಗೆ. ಅಂದರೆ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಅದೇ ದಿನಗಳಲ್ಲಿ ಅವರು ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯ ಅರ್ಧಕ್ಕೇ ನಿಂತು, ಬಗ್ಗಿ ಮೀನಖಂಡ ಹಿಡಿದುಕೊಂಡು, ‘ಚಳಿಗೆ ಸೆಳೆತ ಕಣಪ್ಪಾ’ ಎನ್ನುತ್ತಿದ್ದರು. ಡಾಪ್ಲರ್ ಮಾಡಿಸಿದಾಗ ಸ್ಟೆಂಟಿನ ಕೆಳತುದಿ ಕಿರಿದಾಗಿತ್ತು. ಆದ್ದರಿಂದ ಒಂದೇ ಲ್ಯಾಬಿನಲ್ಲಿ ಪರೀಕ್ಷಿಸಿ, ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಅಂಕಿ, ಅಳತೆ, ಆ ವಾರ ಜ್ವರವಿತ್ತೇ ಎಂಬುದರ ಜೊತೆಗೆ ನೋವಿಲ್ಲದೆ ನಡೆದ ದೂರವನ್ನೂ ಬರೆದಿಡಿ. ನನ್ನ ಮಟ್ಟಿಗೆ ಆ ಕೊನೆಯ ಸಾಲೇ ಹೆಚ್ಚು ಬೆಲೆಯುಳ್ಳದ್ದು.

ಕಣಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ಪಡೆಯುವ ಎಬಿಐ 0.9ಕ್ಕಿಂತ ಕಡಿಮೆಯಿದ್ದರೆ, ಅಥವಾ ಸ್ಟೆಂಟ್ ಹಾಕಿದ ಹೊಸತರಲ್ಲಿ ಇದ್ದದ್ದಕ್ಕಿಂತ 0.15ರಷ್ಟು ಕುಸಿದಿದ್ದರೆ, ಸಿಆರ್‌ಪಿ ಎಷ್ಟೇ ಇರಲಿ ಡಾಪ್ಲರ್ ಬೇಕು. ಸಕ್ಕರೆ ಕಾಯಿಲೆಯಿಂದ ನಾಳ ಗಟ್ಟಿಯಾದವರಲ್ಲಿ ಎಬಿಐ ಸುಳ್ಳಾಗಿ ಹೆಚ್ಚು ತೋರಿಸುವುದುಂಟು, 1.4 ದಾಟಿದ ಅಂಕಿಯನ್ನು ನಂಬಬೇಡಿ.

ಅಂಕಿಯನ್ನು ಇಳಿಸಲೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಅಪಾಯ. ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸವನ್ನೇ ಕೆಡಿಸಬಲ್ಲದು. ಸ್ಟ್ಯಾಟಿನ್ ಮಾತ್ರೆ ಕೊಬ್ಬಿನ ಜೊತೆಗೆ ಸಿಆರ್‌ಪಿಯನ್ನೂ ತಗ್ಗಿಸುತ್ತದೆ. ಬೀಡಿ ಬಿಟ್ಟರೆ ಆಗುವ ಲಾಭವನ್ನು ಯಾವ ಮಾತ್ರೆಯೂ ಕೊಡಲಾರದು. ಹಲ್ಲು ಕೀಳಿಸುವುದಕ್ಕೂ ವೈದ್ಯರನ್ನು ಕೇಳದೆ ರಕ್ತ ತೆಳುಮಾಡುವ ಮಾತ್ರೆ ನಿಲ್ಲಿಸಬಾರದು.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಚಿಕೊಂಡು, ಜೋಮು ಹಿಡಿದು ವಿಪರೀತ ನೋಯತೊಡಗಿದರೆ ಯಾವ ರಕ್ತಪರೀಕ್ಷೆಗೂ ಕಾಯಬಾರದು. ಆರು ಗಂಟೆ ಮೀರಿದರೆ ಸ್ನಾಯು ಉಳಿಯುವುದು ಕಷ್ಟ. ಜಗಳೂರು, ಹೊಳಲ್ಕೆರೆಯಂಥ ಊರುಗಳವರು 108ಕ್ಕೆ ಕರೆ ಮಾಡಿ, ರಕ್ತನಾಳ ಶಸ್ತ್ರವೈದ್ಯರು ಇರುವ ಆಸ್ಪತ್ರೆಗೆ ಫೋನಿನಲ್ಲೇ ತಿಳಿಸಿ, ನೋಟ್‌ಬುಕ್ಕನ್ನೂ ಸ್ಟೆಂಟಿನ ಕಾರ್ಡನ್ನೂ ಜೊತೆಗಿಟ್ಟುಕೊಂಡು ಹೊರಡಬೇಕು.