ಗಡಿಯಾರದ ಹಿಂದಿನ ಮನೆಯವರನ್ನು ಹುಡುಕಿದ್ದು ಹೀಗೆ

ನಾನು ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹಳೇ ಗಡಿಯಾರ ರಿಪೇರಿ ಮಾಡುತ್ತೇನೆ. ಬರುವುದರಲ್ಲಿ ಆಳೆತ್ತರದ ಮರದ ಪೆಟ್ಟಿಗೆಯ ಲಾಂಗ್‌ಕೇಸ್ ಗಡಿಯಾರಗಳೇ ಜಾಸ್ತಿ. ಗಿರಾಕಿಗಳು ಬೆಲೆಗಿಂತ ಮೊದಲು ಕೇಳುವುದು, "ಇದು ಮೊದಲು ಯಾರದ್ದಾಗಿತ್ತು?" ಅಂತ. ನನ್ನ ಸ್ವಂತ ಗಡಿಯಾರದ ವಿಷಯದಲ್ಲಿ ಅದನ್ನು ಹೇಗೆ ಹುಡುಕಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹರಾಜಿನಲ್ಲಿ ಕೊಂಡದ್ದು. ಓಕ್ ಮರದ ಪೆಟ್ಟಿಗೆ, ಬಾಗಿಲ ಅಂಚಿಗೆ ಮಹಾಗನಿ ಪಟ್ಟಿ. ಬಿಳಿ ಡಯಲ್, ನಾಲ್ಕೂ ಮೂಲೆಯಲ್ಲಿ ಹೂವು. ವಾರಕ್ಕೊಮ್ಮೆ ಕೀ ಕೊಟ್ಟರೆ ಸಾಕು, ಇಂಥದ್ದನ್ನು ಎಂಟು ದಿನದ ಗಡಿಯಾರ ಅನ್ನುತ್ತಾರೆ. ಹರಾಜಿನವರ ಪಟ್ಟಿಯಲ್ಲಿ "ಒಂದೇ ಮನೆತನದಲ್ಲಿ ಉಳಿದದ್ದು" ಎಂದು ಬರೆದಿದ್ದರು. ಆಧಾರ ಕೇಳಿದರೆ ಏನೂ ಇರಲಿಲ್ಲ.

ಡಯಲ್ ಮೇಲೆ ಒಂದು ಹೆಸರಿದೆ, ಕೆಳಗೆ ಊರಿನ ಹೆಸರಿದೆ. ತುಂಬ ಜನ ಅದನ್ನೇ ಮಾಲೀಕನ ಹೆಸರು ಅಂದುಕೊಳ್ಳುತ್ತಾರೆ. ಅದು ಗಡಿಯಾರವನ್ನು ಜೋಡಿಸಿ ಮಾರಿದವನ ಹೆಸರು. ಎಲ್ಲವನ್ನೂ ಅವನೇ ಮಾಡಿದ್ದಾನೆ ಅಂತಲೂ ಹೇಳಲಾಗದು. ಬಿಳಿ ಡಯಲ್‌ಗಳು ಬಹಳಷ್ಟು ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಿದ್ದವು. ಅಲ್ಲಿನ ಆಸ್ಬೋರ್ನ್ ಮತ್ತು ವಿಲ್ಸನ್ 1772ರಲ್ಲಿ ಇವುಗಳ ಜಾಹೀರಾತು ಕೊಟ್ಟಿದ್ದರು. ಡಯಲ್ ಬಿಚ್ಚಿದಾಗ ಹಿಂದಿನ ಕಬ್ಬಿಣದ ತಟ್ಟೆಯಲ್ಲಿ ವಿಲ್ಸನ್ ಎಂಬ ಎರಕದ ಅಕ್ಷರ ಕಂಡಿತು. ಇಬ್ಬರ ಪಾಲುದಾರಿಕೆ ಮುರಿದದ್ದು 1777ರಲ್ಲಿ, ವಿಲ್ಸನ್ ತೀರಿಕೊಂಡದ್ದು 1809ರಲ್ಲಿ. ಡಯಲ್ ಈ ನಡುವಿನದು ಅಂತಾಯಿತು.

ಮುಂದಿನ ಕೆಲಸ, ಯಂತ್ರ ಮತ್ತು ಪೆಟ್ಟಿಗೆ ಮೊದಲಿನಿಂದಲೂ ಜೊತೆಗಿವೆಯೇ ಎಂದು ನೋಡುವುದು. ಇದನ್ನು ಬಿಟ್ಟು ಮಾಲೀಕರನ್ನು ಹುಡುಕಲು ಹೊರಟರೆ ವ್ಯರ್ಥ, ಯಾಕೆಂದರೆ ಒಂದು ಮನೆಯ ಪೆಟ್ಟಿಗೆಯಲ್ಲಿ ಇನ್ನೊಂದು ಮನೆಯ ಯಂತ್ರ ಕೂತಿರಬಹುದು. ಯಂತ್ರ ಕೂರುವ ಹಲಗೆಯ ಕೆಳಗೆ ಹೊಸ ಮರದ ತುಂಡು ಸೇರಿಸಿ ಎತ್ತರ ಮಾಡಿದ್ದಾರೆಯೇ, ಮೇಲಿನ ಗೂಡಿನ ಚೌಕಟ್ಟು ಡಯಲ್ ಅಂಚಿಗೆ ಸರಿಯಾಗಿ ಕೂರುತ್ತದೆಯೇ, ಎರಡನ್ನೂ ನೋಡಿದೆ. ನನಗೆ ಹೆಚ್ಚು ನಂಬಿಕೆ ಇರುವುದು ಹಿಂಬದಿ ಹಲಗೆಯ ಗುರುತಿನ ಮೇಲೆ. ಲೋಲಕದ ಗುಂಡು ವರ್ಷಗಟ್ಟಲೆ ತಾಗಿ ತಾಗಿ ಅಲ್ಲಿ ಕಮಾನಿನಂಥ ಗೀರು ಬಿದ್ದಿರುತ್ತದೆ. ಸೆಕೆಂಡಿಗೊಮ್ಮೆ ಬಡಿಯುವ ಲೋಲಕ ಸುಮಾರು 99 ಸೆಂಟಿಮೀಟರ್ ಉದ್ದ. ಆ ಗೀರು ಈಗಿನ ಗುಂಡಿನ ಎತ್ತರಕ್ಕೇ ಇತ್ತು. ಬೇರೆ ಎತ್ತರದಲ್ಲಿ ಇನ್ನೊಂದು ಗೀರು ಇರಲಿಲ್ಲ. ಅಲ್ಲಿಗೆ ಮನಸ್ಸಿಗೆ ಸಮಾಧಾನವಾಯಿತು.

ಆಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು, ಲೆನ್ಸ್ ಹಾಕಿಕೊಂಡು ಹಿತ್ತಾಳೆ ತಟ್ಟೆಗಳನ್ನು ನೋಡಿದೆ. ಹಳೇ ರಿಪೇರಿಯವರು ಸೂಜಿಮೊನೆಯಿಂದ ತಮ್ಮ ಹೆಸರು, ವರ್ಷ ಗೀರುತ್ತಿದ್ದರು. ನನಗೆ 1834 ಮತ್ತು 1861 ಸಿಕ್ಕಿದವು. ಎರಡನೆಯದರ ಪಕ್ಕ ಹತ್ತಿರದ ಒಂದು ಪೇಟೆಯ ಹೆಸರೂ ಇತ್ತು. ಅಂದರೆ 1861ರಲ್ಲಿ ಗಡಿಯಾರ ಬಹುಶಃ ಇದೇ ಸುತ್ತಿನಲ್ಲಿತ್ತು. ದಯವಿಟ್ಟು ಇಂಥ ತಟ್ಟೆಗಳನ್ನು ಹೊಳೆಯಲಿ ಅಂತ ಉಜ್ಜಬೇಡಿ. ಹೊಳಪಿನ ಜೊತೆ ಸಾಕ್ಷಿಯೂ ಹೋಗುತ್ತದೆ.

ಬಾಗಿಲಿನ ಒಳಭಾಗದಲ್ಲಿ, ನಮ್ಮ ಕಡೆ ಅಡುಗೆಮನೆ ಗೋಡೆಗೆ ಹಾಲಿನ ಲೆಕ್ಕ ಬರೆಯುವ ಹಾಗೆ, ಪೆನ್ಸಿಲ್‌ನಲ್ಲಿ ಗೀಚಿದ್ದರು. ಗಡಿಯಾರ ತೊಳೆಸಿದ ವರ್ಷ, 1871. ಎರಡು ಅಕ್ಷರದ ಇನಿಷಿಯಲ್. ಕೆಳಗೆ ಒಂದು ಹೊಲಮನೆಯ ಹೆಸರು. ಅಂದು ನನಗಾದ ಖುಷಿ ಹೇಳಲಾರೆ.

1871ರಲ್ಲಿ ಜನಗಣತಿ ನಡೆದಿತ್ತು. ಆ ಹೊಲಮನೆಯ ಹಾಳೆಯಲ್ಲಿ ಅದೇ ಇನಿಷಿಯಲ್‌ನ ರೈತ, ಹೆಂಡತಿ, ಮಕ್ಕಳು, ಕೆಲಸದವರು ಎಲ್ಲರೂ ಸಿಕ್ಕರು. 1881ರಲ್ಲೂ ಅದೇ ಮನೆತನ. ನಂತರದ ಗಣತಿಯಲ್ಲಿ ಬೇರೆ ಹೆಸರಿನವರು. ಇಲ್ಲಿ ದಾರಿ ತಪ್ಪುವುದು ಸುಲಭ. ಗಡಿಯಾರ ಮಗನಿಗೇ ಹೋಗಿರಬೇಕು ಅಂತ ಎಲ್ಲರೂ ಅದೇ ಮನೆತನದ ಹೆಸರು ಹಿಡಿದು ಹುಡುಕುತ್ತಾರೆ. ನಾನು ಆ ರೈತನ ಉಯಿಲು ತರಿಸಿ ನೋಡಿದೆ. 1858ರ ನಂತರದ ಉಯಿಲುಗಳು ಸರ್ಕಾರಿ ನೋಂದಣಿಯಲ್ಲಿವೆ, ಹಣ ಕಟ್ಟಿದರೆ ನಕಲು ಕೊಡುತ್ತಾರೆ. ಅದರಲ್ಲಿ ಜಮೀನಿನ ಸಾಮಾನೆಲ್ಲ ಮಗನಿಗೆ, "ಎಂಟು ದಿನದ ಗಡಿಯಾರ" ಹಿರಿಮಗಳಿಗೆ ಅಂತ ಬರೆದಿತ್ತು. ಮಗಳು ಮದುವೆಯಾದ ಮೇಲೆ ಹೆಸರು ಬದಲಾಯಿತು, ಊರೂ ಬದಲಾಯಿತು. 1837ರಿಂದ ಮದುವೆಗಳ ಸರ್ಕಾರಿ ನೋಂದಣಿ ಇರುವುದರಿಂದ ಅವಳ ಗಂಡನ ಹೆಸರು ಸಿಕ್ಕಿತು. ಮದುವೆಯಾದ ಹೆಂಗಸರಿಗೆ ಸ್ವಂತ ಆಸ್ತಿಯ ಹಕ್ಕು ಕೊಟ್ಟ 1882ರ ಕಾಯ್ದೆಗೆ ಮೊದಲಾಗಿದ್ದರೆ ಕಾನೂನಿನ ಪ್ರಕಾರ ಗಡಿಯಾರ ಗಂಡನ ಪಾಲಿಗೇ ಹೋಗುತ್ತಿತ್ತೇನೋ. ಅವಳಿಗೆ ಬಂದದ್ದು ಅದರ ನಂತರ, ಹಾಗಾಗಿ ಅದು ಅವಳದ್ದೇ. ನನ್ನ ಪಟ್ಟಿಯಲ್ಲಿ ಅವಳ ಹೆಸರನ್ನೇ ಬರೆದಿದ್ದೇನೆ. 2022ರಲ್ಲಿ ಬಿಡುಗಡೆಯಾದ 1921ರ ಗಣತಿಯಲ್ಲಿ ಅವಳ ಮಗ ಸಿಕ್ಕಿದ. ಹರಾಜಿಗೆ ಕೊಟ್ಟವರು ಅವನ ಸಂತತಿ.

ಹಾಗಾಗಿ ಹರಾಜಿನವರ ಮಾತು 1871ರಿಂದ ಈಚೆಗೆ ನಿಜ. ಅದಕ್ಕೂ ಹಿಂದಕ್ಕೆ ಅದನ್ನು ಎಳೆಯಲು ನಾನು ಒಪ್ಪುವುದಿಲ್ಲ. ಗುತ್ತಿಗೆಯ ರೈತರು ಹೊಲಮನೆ ಬಿಟ್ಟು ಹೋಗುವಾಗ ಸಾಮಾನು ಹರಾಜಾಗುತ್ತಿತ್ತು, ಗಡಿಯಾರವೂ ಕೈ ಬದಲಾಗುತ್ತಿತ್ತು. 1797ರಲ್ಲಿ ಪ್ರಧಾನಿ ಪಿಟ್ ಗಡಿಯಾರಕ್ಕೆ ವರ್ಷಕ್ಕೆ ಐದು ಶಿಲ್ಲಿಂಗ್ ತೆರಿಗೆ ಹಾಕಿದ್ದ, ಮರುವರ್ಷವೇ ಅದು ರದ್ದಾಯಿತು. ಸ್ಕಾಟ್ಲೆಂಡ್‌ನಲ್ಲಿ ಆ ತೆರಿಗೆ ಕಟ್ಟಿದವರ ಪಟ್ಟಿಗಳು ಉಳಿದಿವೆ. ನಿಮ್ಮ ಗಡಿಯಾರ ಅಲ್ಲಿಯದಾದರೆ ಮೊದಲು ಅವನ್ನೇ ನೋಡಿ. ನನ್ನದು ಯಾರ್ಕ್‌ಶೈರ್‌ನದು, ಹಾಗಾಗಿ ಈಗ ಯಾರ್ಕ್ ವಿಶ್ವವಿದ್ಯಾಲಯದ ಬಾರ್ಥ್‌ವಿಕ್ ಸಂಸ್ಥೆಯಲ್ಲಿರುವ 1858ಕ್ಕೆ ಹಿಂದಿನ ಉಯಿಲುಗಳನ್ನು ನೋಡುತ್ತಿದ್ದೇನೆ. ಮನೆತನದ ಹೆಸರು ಹಿಡಿದು ಅಲ್ಲ, ಆ ಹೊಲಮನೆ ಇರುವ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ, ಹಿಡಿದು.