ಹತ್ತು ನಿಮಿಷ ಕೇಳಿದರೆ ಹತ್ತು ನಿಮಿಷ ಕಿವುಡು

ನಾನು ಆಡಿಯೋ ಧಾರಾವಾಹಿಗಳಿಗೆ ಸ್ಕ್ರಿಪ್ಟ್ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸೂಪರ್‌ಹೀರೋ ಕಥೆ ಶುರು ಮಾಡಿದೆ. ನಾಯಕಿಗೆ ಇದ್ದದ್ದು ಒಂದೇ ಶಕ್ತಿ. ಒಂದು ಕೋಣೆಯ ಗೋಡೆಗೆ ಕೈ ಇಟ್ಟರೆ ಸಾಕು, ಹಿಂದಿನ ಒಂದು ಗಂಟೆಯಲ್ಲಿ ಅಲ್ಲಿ ಆಡಿದ ಮಾತು ಅವಳಿಗೆ ಕೇಳಿಸುತ್ತದೆ. ಆದರೆ ಎಷ್ಟು ಹೊತ್ತು ಕೇಳಿಸಿಕೊಂಡಳೋ ಅಷ್ಟು ಹೊತ್ತು ಆಮೇಲೆ ಅವಳಿಗೆ ಏನೂ ಕೇಳಿಸಲ್ಲ. ಹತ್ತು ನಿಮಿಷ ಕೇಳಿದರೆ ಹತ್ತು ನಿಮಿಷ ಕಿವುಡು. ಆ ಹೊತ್ತಿನಲ್ಲಿ ಹಿಂದಿನಿಂದ ಯಾರು ಬಂದರೂ ಗೊತ್ತಾಗಲ್ಲ.

ಮೊದಲ ಸೀಸನ್ ಜನರಿಗೆ ಹಿಡಿಸಿತು. ಎರಡನೆಯದು ಅದಕ್ಕಿಂತ ಜೋರಾಗಿ ಓಡಿತು. ಮೂರನೆಯದರಲ್ಲಿ ಜನ ಮೆಲ್ಲಗೆ ಜಾರಿಕೊಂಡರು. ನಮ್ಮ ಕೆಲಸದಲ್ಲಿ ಒಂದು ಅನುಕೂಲ ಇದೆ, ಅದೇ ಹಿಂಸೆ ಕೂಡ. ಕೇಳುಗರು ಯಾವ ನಿಮಿಷದಲ್ಲಿ ನಿಲ್ಲಿಸಿ ಎದ್ದುಹೋದರು ಅನ್ನುವುದು ಗ್ರಾಫ್‌ನಲ್ಲಿ ಕಾಣುತ್ತದೆ. ಮೂರನೇ ಸೀಸನ್ನಿನ ಎರಡನೇ ಕಂತು, ಹನ್ನೊಂದನೇ ನಿಮಿಷ. ಗೆರೆ ಹಗ್ಗ ಹರಿದ ಕೊಡದ ಹಾಗೆ ಕೆಳಗಿಳಿದಿತ್ತು. ಅಲ್ಲಿ ಏನಿತ್ತು ಅಂತ ತೆಗೆದು ನೋಡಿದೆ. ನನ್ನದೇ ಇನ್ನೊಂದು ಧಾರಾವಾಹಿಯ ಪಾತ್ರ ಬಾಗಿಲು ತಟ್ಟಿ ಒಳಗೆ ಬರುತ್ತಾನೆ. ಬರೆಯುವಾಗ ನನಗೆ ಮೈ ಜುಮ್ಮೆಂದಿತ್ತು. ಕೇಳುವವರಿಗೆ 'ಯಾರಿವನು?' ಅನ್ನಿಸಿತ್ತು, ಅಷ್ಟೇ.

'ಜನಕ್ಕೆ ಸೂಪರ್‌ಹೀರೋಗಳು ಸಾಕಾಗಿದ್ದಾರೆ ಬಿಡಿ' ಅಂತ ಸುತ್ತಲಿನವರು ಸಮಾಧಾನ ಹೇಳಿದರು. ನಾನೂ ಕೆಲವು ದಿನ ಅದನ್ನೇ ಹಿಡಿದುಕೊಂಡು ನೆಮ್ಮದಿಯಾಗಿದ್ದೆ. ಆದರೆ ಆ ಮಾತು ನಿಲ್ಲಲ್ಲ. 2023ರಲ್ಲಿ 'ದಿ ಫ್ಲ್ಯಾಶ್' ಬಿತ್ತು, 'ದಿ ಮಾರ್ವೆಲ್ಸ್' ಬಿತ್ತು, ನಿಜ. ಅದೇ ವರ್ಷ 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ'ಯ ಮೂರನೇ ಭಾಗ ಸುಮಾರು 84 ಕೋಟಿ ಡಾಲರ್ ಗಳಿಸಿತು. ಅನಿಮೇಷನ್ ಸ್ಪೈಡರ್ ಮ್ಯಾನ್‌ನ ಎರಡನೇ ಭಾಗಕ್ಕೂ ಜನ ಮುಗಿಬಿದ್ದರು. ಸಾಕಾಗಿದ್ದರೆ ಎಲ್ಲವೂ ಸಾಕಾಗಬೇಕಿತ್ತು, ಅಲ್ವಾ?

ಹಾಗಾಗಿ ಒಂದು ನೋಟ್‌ಬುಕ್ ತಗೊಂಡು ಕೂತೆ. ಒಂದು ಸಿನಿಮಾಕ್ಕೆ ಒಂದು ಪುಟ. ನಡುವೆ ಗೆರೆ. ಎಡಕ್ಕೆ 'ಏನು ಹೋಯಿತು', ಬಲಕ್ಕೆ 'ವಾಪಸ್ ಬಂತಾ'. ಅಂಚಿನಲ್ಲಿ ಒಂದು ಚುಕ್ಕಿ: ನನ್ನ ಕೈ ಫೋನಿನ ಕಡೆ ಹೋದ ಜಾಗಕ್ಕೆ. ಈ ಚುಕ್ಕಿಯ ವಿಷಯದಲ್ಲಿ ಮಾತ್ರ ಸುಳ್ಳು ಬರೆಯಬಾರದು ಅಂತ ನಿರ್ಧಾರ ಮಾಡಿಕೊಂಡಿದ್ದೆ. ಇಷ್ಟಪಟ್ಟ ಸಿನಿಮಾಕ್ಕೂ ಚುಕ್ಕಿ ಇಡಬೇಕಾಗಿ ಬಂದಾಗ ಸಂಕಟ ಆಗುತ್ತಿತ್ತು.

2008ರ 'ಐರನ್ ಮ್ಯಾನ್'ನಿಂದ ಶುರು ಮಾಡಿದೆ. ಅದರಲ್ಲಿ ಒಂದು ದೃಶ್ಯವನ್ನು ಐದಾರು ಸಲ ಹಿಂದೆ ಹಾಕಿ ನೋಡಿದ್ದೇನೆ. ನಾಯಕ ಟೋನಿ ಸ್ಟಾರ್ಕ್ ತಾನೇ ಮಾಡಿದ ಹೊಸ ಲೋಹದ ಸೂಟ್ ಹಾಕಿಕೊಂಡು ಮೊದಲ ಸಲ ಹಾರುತ್ತಾನೆ. ಹುರುಪು ಜಾಸ್ತಿಯಾಗಿ ಮೇಲೆ, ಇನ್ನೂ ಮೇಲೆ ಹೋಗುತ್ತಾನೆ. ಅಲ್ಲಿನ ಚಳಿಗೆ ಸೂಟಿನ ಮೇಲೆ ಮಂಜು ಕಟ್ಟುತ್ತದೆ, ಎಲ್ಲ ಆಫ್ ಆಗಿ ಕಲ್ಲಿನ ಹಾಗೆ ಬೀಳುತ್ತಾನೆ. ಹೇಗೋ ಬದುಕುತ್ತಾನೆ. ನೋಡುವಾಗ ಇದು ತಮಾಷೆಯ ದೃಶ್ಯ. ಕ್ಲೈಮ್ಯಾಕ್ಸಿನಲ್ಲಿ ವಿಲನ್ ತನ್ನ ದೈತ್ಯ ಸೂಟಿನಲ್ಲಿ ಅವನನ್ನು ಬೆನ್ನಟ್ಟುತ್ತಾನೆ. ಟೋನಿ ಸುಮ್ನೆ ಮೇಲೆ ಏರುತ್ತಾನೆ. ಮಂಜಿನ ಸಮಸ್ಯೆಗೆ ಏನು ಮಾಡಿದೆ ಅಂತ ಕೇಳುತ್ತಾನೆ. ವಿಲನ್‌ಗೆ ಅಂಥದ್ದೊಂದು ಸಮಸ್ಯೆ ಇದೆ ಅನ್ನುವುದೇ ಗೊತ್ತಿಲ್ಲ. ನಮಗೆ ಗೊತ್ತು! ಮೊದಲೇ ಒಂದು ಸಲ ನಾವು ಅವನ ಜೊತೆ ಬಿದ್ದಿದ್ದೇವೆ.

ಅಷ್ಟೇ ಆಗಿದ್ದರೆ ಜಾಣತನದ ಬರವಣಿಗೆ ಅಂತ ಹೇಳಿ ಮುಂದೆ ಹೋಗುತ್ತಿದ್ದೆ. ಆದರೆ ಆ ಹೊತ್ತಿಗೆ ಟೋನಿಯ ಎದೆಯಲ್ಲಿದ್ದ ಹೊಸ ರಿಯಾಕ್ಟರನ್ನು, ಅಂದರೆ ಅವನ ಜೀವ ಉಳಿಸಿ ಸೂಟಿಗೂ ಶಕ್ತಿ ಕೊಡುವ ಯಂತ್ರವನ್ನು, ವಿಲನ್ ಕಿತ್ತುಕೊಂಡಿರುತ್ತಾನೆ. ಟೋನಿ ಹಾಕಿಕೊಂಡಿರುವುದು ಹಿಂದೆ ಸೆರೆಯಲ್ಲಿದ್ದಾಗ ಗುಹೆಯಲ್ಲಿ ಮಾಡಿದ ಹಳೆಯದು. ಸೂಟನ್ನು ಹೆಚ್ಚು ಹೊತ್ತು ಹಾರಿಸುವಷ್ಟು ಕಸುವು ಅದಕ್ಕಿಲ್ಲ. ಮೇಲೆ ಏರಿದಷ್ಟೂ ಶಕ್ತಿ ಇಳಿಯುತ್ತಾ ಹೋಗುತ್ತದೆ. ಗೆಲ್ಲುವ ಉಪಾಯವೇ ಅವನನ್ನು ಕೊಲ್ಲಬಹುದು. ನನ್ನ ಪುಟದ ಅಂಚಿನಲ್ಲಿ ಅಲ್ಲಿ ಒಂದೂ ಚುಕ್ಕಿ ಇಲ್ಲ. ಗ್ರಾಫಿಕ್ಸ್ ದೃಷ್ಟಿಯಿಂದ ಆ ಹೊಡೆದಾಟ ಇವತ್ತಿಗೆ ಸಾಧಾರಣ. ಕಣ್ಣು ಮಾತ್ರ ಕದಲಲಿಲ್ಲ.

ಮುಂದೆ 2018ರ 'ಅವೆಂಜರ್ಸ್: ಇನ್ಫಿನಿಟಿ ವಾರ್', ಅದರ ಮುಂದಿನ ಭಾಗವಾದ 2019ರ 'ಎಂಡ್‌ಗೇಮ್'. ವಿಲನ್‌ನ ಒಂದು ಚಿಟಿಕೆಗೆ ಜಗತ್ತಿನ ಅರ್ಧ ಜೀವಗಳು ಬೂದಿ. ಅವರನ್ನು ವಾಪಸ್ ತರುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಆದರೂ 'ಎಂಡ್‌ಗೇಮ್'ಗೆ ಸುಮಾರು 280 ಕೋಟಿ ಡಾಲರ್ ಬಂತು. ಯಾಕೆ ಅಂತ ಪುಟ ತೆಗೆದು ನೋಡಿದರೆ ಬಲಗಡೆ ಹೀಗಿದೆ: ಬೂದಿಯಾದವರು ಬಂದರು. ಕಳೆದುಹೋದ ಐದು ವರ್ಷ ಬರಲಿಲ್ಲ. ಅವರಿಗಾಗಿ ಪ್ರಾಣ ಕೊಟ್ಟ ನಾಯಕಿ ನತಾಶಾ ಬರಲಿಲ್ಲ. ಟೋನಿ ಬರಲಿಲ್ಲ. ಕೊಟ್ಟದ್ದಕ್ಕೆ ತಕ್ಕಂತೆ ಕಿತ್ತುಕೊಂಡಿದ್ದಾರೆ. ಟೋನಿ ಕೊನೆಯಲ್ಲಿ 'ನಾನು ಐರನ್ ಮ್ಯಾನ್' ಅನ್ನುತ್ತಾನಲ್ಲ, ಅದು ಮೊದಲು ಸ್ಕ್ರಿಪ್ಟಿನಲ್ಲೇ ಇರಲಿಲ್ಲ. ಎಡಿಟಿಂಗ್ ಮಾಡುವಾಗ ಎಡಿಟರ್ ಜೆಫ್ ಫೋರ್ಡ್ ಸೂಚಿಸಿದ್ದು. ಆಮೇಲೆ ಅದನ್ನು ಮತ್ತೆ ಶೂಟ್ ಮಾಡಿದರು. ಮೊದಲ ಸಿನಿಮಾದ ಕೊನೆಯ ಮಾತೂ ಅದೇ. ಆಗ ಅದು ಜಂಬದ ಮಾತು. ಹನ್ನೊಂದು ವರ್ಷದ ಮೇಲೆ ಅದೇ ಮಾತಿಗೆ ಅವನು ಪ್ರಾಣ ಕೊಡುತ್ತಾನೆ. ಎಡಿಟರ್‌ಗಳ ಮೇಲೆ ನನಗೆ ಗೌರವ ಹೆಚ್ಚಾದದ್ದು ಆ ವಿಷಯ ತಿಳಿದ ದಿನ. ನನ್ನ ಎಡಿಟರ್‌ಗೆ ಇದನ್ನು ಹೇಳಿಲ್ಲ.

ಇಲ್ಲಿಂದಾಚೆ ಪುಟಗಳಲ್ಲಿ ಬಲಗಡೆಯೇ ತುಂಬುತ್ತಾ ಹೋಯಿತು. 'ಗಾರ್ಡಿಯನ್ಸ್'ನ ಗಮೋರಾ ಸತ್ತಳು, 2014ರ ಕಾಲದ ಗಮೋರಾ ಬಂದಳು. ಲೋಕಿ ಸತ್ತ, ಬೇರೆ ಕಾಲದ ಲೋಕಿ ಬಂದು ಸ್ವಂತ ಸೀರೀಸನ್ನೇ ನಡೆಸಿದ. 2017ರ 'ಲೋಗನ್'ನಲ್ಲಿ ವುಲ್ವರಿನ್ ಸತ್ತದ್ದು ನನಗೆ ಈ ಇಡೀ ಜಾತಿಯ ಸಿನಿಮಾಗಳಲ್ಲೇ ಅತಿ ಗಟ್ಟಿಯಾದ ಸಾವು. 2024ರ 'ಡೆಡ್‌ಪೂಲ್ ಅಂಡ್ ವುಲ್ವರಿನ್'ನಲ್ಲಿ ಇನ್ನೊಂದು ಜಗತ್ತಿನ ವುಲ್ವರಿನ್‌ನನ್ನು ಕರೆತಂದರು. ಆ ಸಿನಿಮಾ ಶುರುವಾಗುವುದೇ ಹಳೆಯವನ ಸಮಾಧಿ ಅಗೆಯುವುದರಿಂದ. ಅದು 130 ಕೋಟಿ ಡಾಲರ್‌ಗಿಂತ ಜಾಸ್ತಿ ಗಳಿಸಿತು ಅನ್ನುವುದನ್ನೂ ಬರೆದಿಟ್ಟಿದ್ದೇನೆ, ಮುಚ್ಚಿಡಲ್ಲ. ನಾನೂ ನಕ್ಕೆ. ಆದರೆ ಆ ಸಲ ಯಾರಿಗೆ ಏಟು ಬಿದ್ದರೂ ನನ್ನ ಹೊಟ್ಟೆಯಲ್ಲಿ ಏನೂ ಆಗಲಿಲ್ಲ. ಅದೇ ವರ್ಷ ಟೋನಿಯ ಪಾತ್ರ ಮಾಡಿದ್ದ ರಾಬರ್ಟ್ ಡೌನಿ ಜೂನಿಯರ್ ವಿಲನ್ ಡಾಕ್ಟರ್ ಡೂಮ್ ಆಗಿ ವಾಪಸ್ ಬರುತ್ತಾರೆ ಅಂತ ಘೋಷಣೆ ಆಯಿತು. ಪಾತ್ರ ಬೇರೆ, ಒಪ್ಪಿದೆ. ಮುಖ ಅದೇ ತಾನೇ?

ಕಳೆದದ್ದನ್ನು ವಾಪಸ್ ಕೊಡುವುದು ಹೊಸ ರೋಗವೇನಲ್ಲ. 1978ರ 'ಸೂಪರ್‌ಮ್ಯಾನ್'ನಲ್ಲಿ ಸತ್ತ ಪ್ರೇಯಸಿ ಲೋಯಿಸ್‌ಗಾಗಿ ಅವನು ಭೂಮಿಯನ್ನೇ ಹಿಂದಕ್ಕೆ ತಿರುಗಿಸಿ ಕಾಲವನ್ನು ವಾಪಸ್ ತರುತ್ತಾನೆ. ಒಂದು ಸಲಕ್ಕೆ ಅದು ಚೆಂದ. ಆದರೆ ಆ ಸೌಲಭ್ಯ ಕೈಯಲ್ಲಿ ಇದೆ ಅಂತ ಗೊತ್ತಾದ ಮೇಲೆ ಮುಂದಿನ ಅಪಾಯಕ್ಕೆ ಯಾರು ಹೆದರುತ್ತಾರೆ? ನಾಲ್ಕನೇ ಭಾಗ 1987ರಲ್ಲಿ ಬಂದು ಮುಗ್ಗರಿಸಿತು. ಅದಕ್ಕೆ ದುಡ್ಡಿನ ಕೊರತೆಯೂ ಕಾರಣ, ಬಜೆಟ್ ಕತ್ತರಿಸಿದ್ದರು. ಮುಂದಿನ ಸೂಪರ್‌ಮ್ಯಾನ್ ಸಿನಿಮಾ ಬರಲು 2006 ಆಗಬೇಕಾಯಿತು.

ಇನ್ನು 'ಹೋಮ್‌ವರ್ಕ್' ವಿಷಯ, ಅಂದರೆ ಒಂದು ಸಿನಿಮಾ ಅರ್ಥವಾಗಲು ಬೇರೆ ಸಿನಿಮಾ, ಸೀರೀಸ್ ಮೊದಲೇ ನೋಡಿಕೊಂಡು ಬರಬೇಕಾದದ್ದು. ಇದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಜಾಸ್ತಿ ಎಳೆಯಲ್ಲ. 2019ರ 'ಕ್ಯಾಪ್ಟನ್ ಮಾರ್ವೆಲ್' 110 ಕೋಟಿ ಡಾಲರ್ ದಾಟಿತ್ತು. ಅದರ ಮುಂದಿನ ಭಾಗವಾದ 'ದಿ ಮಾರ್ವೆಲ್ಸ್' ಸುಮಾರು 20 ಕೋಟಿಗೆ ನಿಂತಿತು. ಅದರ ಮೂವರು ನಾಯಕಿಯರಲ್ಲಿ ಒಬ್ಬಳಿಗೆ ಶಕ್ತಿ ಬಂದ ಕಥೆ 'ವಾಂಡಾವಿಷನ್' ಸೀರೀಸಿನಲ್ಲಿದೆ, ಇನ್ನೊಬ್ಬಳ ಪರಿಚಯ 'ಮಿಸ್ ಮಾರ್ವೆಲ್' ಸೀರೀಸಿನಲ್ಲಿದೆ. ಬಾಗಿಲು ತಟ್ಟಿ ಒಳಗೆ ಬಂದ ನನ್ನ ಪಾತ್ರ ನೆನಪಾಯಿತು. 2016ರ 'ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್'ನಲ್ಲಂತೂ ಇಬ್ಬರ ಮಹಾಯುದ್ಧ ಇನ್ನೇನು ಶುರುವಾಗಬೇಕು ಅನ್ನುವಾಗ ವಂಡರ್ ವುಮನ್ ಕಂಪ್ಯೂಟರ್ ಮುಂದೆ ಕೂತು ಫೈಲ್ ತೆರೆಯುತ್ತಾಳೆ. ಮುಂದಿನ ಸಿನಿಮಾಗಳ ಹೀರೋಗಳು ಒಬ್ಬೊಬ್ಬರಾಗಿ ವಿಡಿಯೋದಲ್ಲಿ ಬಂದು ಹೋಗುತ್ತಾರೆ. ಆ ಪುಟದಲ್ಲಿ ನನ್ನ ಚುಕ್ಕಿ ಪೆನ್ನು ಒತ್ತಿ ಹಾಳೆ ತೂತಾಗಿದೆ. ಕೊನೆಗೆ 2024ರಲ್ಲಿ ಮಾರ್ವೆಲ್ ಕಂಪನಿಯ ಒಡೆತನ ಇರುವ ಡಿಸ್ನಿಯ ಆಗಿನ ಮುಖ್ಯಸ್ಥ ಬಾಬ್ ಐಗರ್ ಅವರೇ ಮಾರ್ವೆಲ್ ಸಿನಿಮಾಗಳನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರಕ್ಕೆ ಇಳಿಸುತ್ತೇವೆ ಅಂದರು.

ನೋಟ್‌ಬುಕ್ ತುಂಬುವ ಹೊತ್ತಿಗೆ ಇನ್ನೊಂದು ವಿಷಯ ಹೊಳೆಯಿತು. ಇದು ಸಿನಿಮಾಕ್ಕಿಂತ ಜಾಸ್ತಿ ನನ್ನ ಬಗ್ಗೆ. 2007ರ 'ಸ್ಪೈಡರ್ ಮ್ಯಾನ್ 3'ರಲ್ಲಿ ಮೂವರು ವಿಲನ್‌ಗಳನ್ನು ತುರುಕಿದ್ದರು. ಮೂರು ಭಾಗಗಳಲ್ಲಿ ಅತಿ ಜಾಳು ಅದೇ. ಅತಿ ಹೆಚ್ಚು ದುಡ್ಡು ಮಾಡಿದ್ದೂ ಅದೇ, ಸುಮಾರು 89 ಕೋಟಿ ಡಾಲರ್. ಎರಡನೇ ಭಾಗದ ರೈಲಿನ ದೃಶ್ಯದಲ್ಲಿ, ರೈಲನ್ನು ತಡೆದು ಪ್ರಜ್ಞೆ ತಪ್ಪಿದ ನಾಯಕನನ್ನು ಪ್ರಯಾಣಿಕರು ತಲೆಯ ಮೇಲೆ ಕೈಯಿಂದ ಕೈಗೆ ಸಾಗಿಸಿದ್ದರಲ್ಲ, ಜನ ಮೂರನೆಯದಕ್ಕೆ ಬಂದದ್ದು ಆ ದೃಶ್ಯದ ಋಣಕ್ಕೆ. ಆ ಸರಣಿಯ ನಾಲ್ಕನೇ ಭಾಗ ಬರಲೇ ಇಲ್ಲ. ನನ್ನ ಎರಡನೇ ಸೀಸನ್ ಜೋರಾಗಿ ಓಡಿದ್ದಕ್ಕೆ ನಾನು ಬೀಗಿದ್ದೆ. ಆ ಕೇಳುಗರನ್ನು ಗಳಿಸಿಕೊಟ್ಟದ್ದು ಮೊದಲ ಸೀಸನ್.

ಎರಡನೇ ಸೀಸನ್ನಿನ ಸ್ಕ್ರಿಪ್ಟ್ ತೆಗೆದು ಅದಕ್ಕೂ ಗೆರೆ ಎಳೆದೆ. ಒಂದು ಗಂಟೆ ಹಿಂದಿನ ಮಾತು ಕೇಳುತ್ತಿದ್ದವಳು ಮೂರನೇ ಕಂತಿನಲ್ಲಿ ಒಂದು ದಿನ ಹಿಂದಿನದು ಕೇಳುತ್ತಾಳೆ. ಸೀಸನ್ ಮುಗಿಯುವಾಗ ಒಂದು ವರ್ಷ ಹಿಂದಿನದು. ಕಿವುಡು? ಎರಡನೇ ಕಂತಿನ ನಂತರ ಅದರ ಸುದ್ದಿಯೇ ಇಲ್ಲ. ಯಾಕೆ ಬಿಟ್ಟೆ ಅಂತ ಚೆನ್ನಾಗಿ ನೆನಪಿದೆ. ಪ್ರತಿ ದೃಶ್ಯದಲ್ಲೂ ಅದು ಅಡ್ಡ ಬರುತ್ತಿತ್ತು. ಅಡ್ಡ ಬರುತ್ತಿದ್ದದ್ದೇ ಕಥೆಯಾಗಿತ್ತು, ನಾನು ಅದನ್ನೇ ಗುಡಿಸಿ ಹಾಕಿದ್ದೆ.

ಸರಿಪಡಿಸುವುದು ಹೇಗೆ? ಶಕ್ತಿಯನ್ನು ಮತ್ತೆ ಒಂದು ಗಂಟೆಗೆ ಇಳಿಸಿದರೆ ಅದೂ ಮೋಸ, ಭೂಮಿ ತಿರುಗಿಸಿದ ಹಾಗೆ. ಒಂದು ಭಾನುವಾರ ಎರಡು ಸೀಸನ್ನಿನ ಸ್ಕ್ರಿಪ್ಟ್ ಹರಡಿಕೊಂಡು, ಅವಳು ಬೆಲೆ ತೆರದೆ ಕೇಳಿದ ಹೊತ್ತನ್ನೆಲ್ಲ ಕೂಡಿಸಿದೆ. ಅರವತ್ತೊಂದು ಗಂಟೆ ಬಾಕಿ. ನಾಲ್ಕನೇ ಸೀಸನ್ ಶುರುವಾಗುವುದೇ ಆ ಬಾಕಿ ಒಂದೇ ಸಲ ಬಂದು ಬೀಳುವುದರಿಂದ. ಇಡೀ ಸೀಸನ್ ಆ ಅರವತ್ತೊಂದು ಗಂಟೆಯಲ್ಲೇ ನಡೆಯುತ್ತದೆ. ಬೇರೆ ಧಾರಾವಾಹಿಯವರು ಯಾರೂ ಬಾಗಿಲು ತಟ್ಟುವುದಿಲ್ಲ.

ಕಿವುಡಾದವಳ ಕಥೆಯನ್ನು ಕಿವಿಗೆ ಹೇಳಬೇಕು. ಮೊದಲ ಕಂತಿನಲ್ಲಿ, ಅವಳಿಗೆ ಎಲ್ಲ ನಿಂತುಹೋಗುವ ಜಾಗದಲ್ಲಿ, ನಲವತ್ತು ಸೆಕೆಂಡ್ ಪೂರ್ತಿ ಮೌನ ಅಂತ ಬರೆದೆ. ನಮ್ಮ ಸೌಂಡ್ ಎಂಜಿನಿಯರ್ ಹಾಳೆ ನೋಡಿ ತಲೆ ಎತ್ತಿದರು.

"ಮೇಡಂ, ಇಷ್ಟು ಹೊತ್ತು ಸುಮ್ನೆ ಬಿಟ್ಟರೆ ಫೋನ್ ಕೆಟ್ಟಿದೆ ಅಂದ್ಕೋತಾರೆ."

"ಅಂದ್ಕೊಳ್ಳಲಿ. ಅವಳಿಗೂ ಹಾಗೇ ಅನ್ನಿಸೋದು ಅಲ್ವಾ?"

ರೆಕಾರ್ಡಿಂಗ್ ಚೆನ್ನಾಗಿ ಆಯಿತು. ಬಿಡುಗಡೆಯಾದ ದಿನ ಹೆಡ್‌ಫೋನ್ ಹಾಕಿಕೊಂಡು ಕೂತರೆ ಮೌನವೇ ಇಲ್ಲ! ಅಪ್‌ಲೋಡ್ ಮಾಡುವಾಗ ಖಾಲಿ ಜಾಗವನ್ನು ತಾನಾಗಿ ಕತ್ತರಿಸುವ ಸೆಟ್ಟಿಂಗ್ ಆನ್ ಆಗಿತ್ತು. ನನ್ನ ನಾಯಕಿ ಒಂದೇ ಸೆಕೆಂಡಿನಲ್ಲಿ ಕಿವುಡಾಗಿ ಗುಣವಾಗಿದ್ದಳು. ಕಂತು ವಾಪಸ್ ತೆಗೆದು, ಆ ನಲವತ್ತು ಸೆಕೆಂಡಿಗೆ ಅವಳ ಉಸಿರು ಮತ್ತು ಎದೆಬಡಿತ ತುಂಬಾ ಸಣ್ಣದಾಗಿ ಸೇರಿಸಿದೆವು. ಎಂಜಿನಿಯರ್ ಹೇಳಿದ್ದೇ ನಡೆಯಿತು ಅನ್ನಿ.

ಒಂದು ವಾರ ಬಿಟ್ಟು ಗ್ರಾಫ್ ತೆರೆದೆ. ಆ ನಲವತ್ತು ಸೆಕೆಂಡಿನಲ್ಲಿ ಗೆರೆ ಅಲುಗಾಡಿಲ್ಲ. ಹದಿನಾಲ್ಕನೇ ನಿಮಿಷದಲ್ಲಿ ಮಾತ್ರ ಒಂದು ತಗ್ಗು. ಅಲ್ಲಿ ವಿಲನ್ ತನ್ನ ಬಾಲ್ಯದ ಬಗ್ಗೆ ಎರಡೂವರೆ ನಿಮಿಷ ಭಾಷಣ ಮಾಡುತ್ತಾನೆ. ನನಗೆ ತುಂಬಾ ಇಷ್ಟವಾದ ಭಾಷಣ. ಎರಡನೇ ಕಂತಿನಲ್ಲೂ ಅವನಿಗೆ ಅಂಥದ್ದೊಂದು ಬರೆದಿಟ್ಟಿದ್ದೇನೆ. ನಾಳೆ ರೆಕಾರ್ಡಿಂಗ್. ಈಗ ಅದನ್ನು ಕತ್ತರಿಸುತ್ತಾ ಕೂತಿದ್ದೇನೆ.